ಏಳೂವರೆ ತಿಂಗಳ ಮಗುವಿನ ಕೈಗೆ ಇಡ್ಲಿ ಕೊಡಬಹುದೇ, ರಾಗಿ ಸರಿಯಲ್ಲೇ ಮುಂದುವರಿಯಬೇಕೇ?

ಬನಶಂಕರಿಯ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಏಳೂವರೆ ತಿಂಗಳು. ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನನ್ನೂ ಕೊಟ್ಟಿರಲಿಲ್ಲ. ಹೆಣ್ಣುಮಗುವಿಗೆ ಬೆಸ ತಿಂಗಳಲ್ಲಿ ಅನ್ನಪ್ರಾಶನ ಮಾಡುವುದು ನಮ್ಮ ಮನೆಯ ಪದ್ಧತಿಯಾದ್ದರಿಂದ, ಏಳನೆಯ ತಿಂಗಳು ಹಿಡಿದ ವಾರದಲ್ಲೇ ಶಾಸ್ತ್ರ ಮುಗಿಸಿ, ಮರುದಿನದಿಂದ ರಾಗಿ ಸರಿಯನ್ನು ಆರಂಭಿಸಿದೆವು. ಹಿಟ್ಟನ್ನು ನಮ್ಮ ಅತ್ತೆಯವರೇ ಸಿದ್ಧಪಡಿಸುತ್ತಾರೆ. ರಾಗಿಯನ್ನು ತೊಳೆದು ಒಣಗಿಸುವುದರಿಂದ ಹಿಡಿದು, ಹುರಿದು, ಬೀಸಿಸಿ, ತೆಳುವಾದ ಪಂಚೆಯ ಬಟ್ಟೆಯಲ್ಲಿ ವಸ್ತ್ರಗಾಳಿ ಮಾಡುವವರೆಗೆ ಆ ಕೆಲಸವನ್ನು ಅವರು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಮಗಳು ಅದನ್ನು ಇಷ್ಟಪಟ್ಟೇ ತಿನ್ನುತ್ತಾಳೆ. ಬೇಳೆ ಅನ್ನ, ಸಿಹಿಗುಂಬಳ, ಕ್ಯಾರೆಟ್ ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಮತ್ತೊಮ್ಮೆ ಜರಡಿಯಲ್ಲಿ ಸೋಸಿ ತಿನ್ನಿಸುತ್ತಿದ್ದೇವೆ.

ಕಳೆದ ವಾರ ಮಕ್ಕಳ ವೈದ್ಯರಲ್ಲಿಗೆ ಹೋದಾಗ, ಇಷ್ಟು ನುಣ್ಣಗೆ ಮಾಡುವುದನ್ನು ನಿಲ್ಲಿಸಿ, ಮೆತ್ತಗೆ ಬೆಂದ ತಿನಿಸಿನ ತುಂಡನ್ನು ಮಗುವಿನ ಕೈಗೇ ಕೊಡಿ ಎಂದು ಹೇಳಿದರು. ಅದರಂತೆ ಭಾನುವಾರ ಬೆಳಿಗ್ಗೆ ಇಡ್ಲಿಯನ್ನು ಬೆರಳುದ್ದ ಕತ್ತರಿಸಿ ಕೊಟ್ಟೆ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಹಿಚುಕಿದಾಗ ಬೆರಳ ಸಂದಿಯಿಂದ ಇಡ್ಲಿ ಹೊರಬಂದಿತು. ಉಳಿದದ್ದನ್ನು ಬಾಯಿಗಿಟ್ಟು ಚೀಪುತ್ತಿದ್ದವಳು ಇದ್ದಕ್ಕಿದ್ದಂತೆ ನಾಲಿಗೆಯನ್ನು ಮುಂದಕ್ಕೆ ಚಾಚಿ ಓಕರಿಸಿದಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂದಿತು, ಐದಾರು ಕ್ಷಣಗಳಲ್ಲಿ ಆ ಚೂರು ಹೊರಗೆ ಬಿದ್ದಿತು. ಅಷ್ಟರಲ್ಲಿ ಅತ್ತೆಯವರು ಅವಳನ್ನು ಎತ್ತಿಕೊಂಡು ನೆತ್ತಿ ತಟ್ಟುತ್ತಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಗಟ್ಟಿ ಪದಾರ್ಥದ ಮಾತನ್ನೇ ಎತ್ತುವಂತಿಲ್ಲ. ಅವರ ಭಯಕ್ಕೆ ಕಾರಣವಿದೆ. ಅವರ ತವರೂರಿನಲ್ಲಿ ಹುಣಸೆಬೀಜ ಗಂಟಲಲ್ಲಿ ಸಿಕ್ಕಿಕೊಂಡು ಒಂದು ಮಗು ತೀರಿಹೋದದ್ದನ್ನು ಅವರು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದಾರೆ.

26 ವಾರಗಳ ಹೆರಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿಕೊಂಡಿದ್ದೆ. ಅದೂ ಮುಗಿಯುತ್ತಾ ಬಂದಿದೆ. ಇನ್ನೆರಡು ವಾರಗಳಲ್ಲಿ ನಾನು ಕೆಲಸಕ್ಕೆ ಮರಳಿದರೆ ಹಗಲಿಡೀ ಮಗುವಿಗೆ ತಿನ್ನಿಸುವವರು ಅತ್ತೆಯವರೇ. ಅವರು ಕಾಲು ನೀಡಿ ಕುಳಿತು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಒಳಲೆಯಿಂದ ಸರಿಯನ್ನು ಬಾಯಿಗೆ ಹನಿಸುತ್ತಾರೆ. ನನಗೆ ಅವರೊಡನೆ ವಾದ ಮಾಡುವ ಇಚ್ಛೆಯಿಲ್ಲ, ಅವರಷ್ಟು ಅಕ್ಕರೆಯಿಂದ ಮಗುವನ್ನು ನೋಡಿಕೊಳ್ಳುವವರು ನನಗೆ ಬೇರೆ ಯಾರೂ ಸಿಗಲಾರರು. ಆದರೆ ವೈದ್ಯರು ಹೇಳಿದ್ದನ್ನು ಬಿಡುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಅಂದು ನಡೆದದ್ದು ನಿಜವಾಗಿಯೂ ಅಪಾಯವೇ? ಯಾವ ತಿನಿಸನ್ನು ಯಾವ ಆಕಾರದಲ್ಲಿ ಕೊಡಬೇಕು? ರಾಗಿ ಸರಿಯೊಂದೇ ಇನ್ನೂ ಕೆಲವು ತಿಂಗಳು ಸಾಲದೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮಲ್ಲೇಶ್ವರದ ಅಜ್ಜಿ ಉತ್ತರಿಸಿದ್ದು:

ಮಗಳೇ, ನಿನ್ನ ಅತ್ತೆಯ ವಯಸ್ಸಿನವಳೇ ನಾನು. ಮಂಡ್ಯದ ಕಡೆಯ ಹಳ್ಳಿಯಲ್ಲಿ ಮೂವರು ಮಕ್ಕಳನ್ನು ಸಾಕಿ, ಈಗ ಬೆಂಗಳೂರಿನಲ್ಲಿ ಇಬ್ಬರು ಮೊಮ್ಮಕ್ಕಳಿಗೆ ತಿನ್ನಿಸುತ್ತಿದ್ದೇನೆ. ಆದ್ದರಿಂದ ಮೊದಲು ಅತ್ತೆಗೆ ಹೇಳಬೇಕಾದ ಮಾತನ್ನೇ ಬರೆಯುತ್ತೇನೆ, ನೀನು ಇದನ್ನು ಅವರಿಗೆ ಓದಿ ಹೇಳಬಹುದು.

ಎಲ್ಲವನ್ನೂ ಮಿಕ್ಸಿಯಲ್ಲಿ ತಿರುವಿ ಕೊಡುವುದು ಹಿಂದಿನಿಂದ ಬಂದ ಪದ್ಧತಿಯೆಂದು ಈಗ ಅನೇಕರು ತಿಳಿದುಕೊಂಡಿದ್ದಾರೆ. ನಾನು ಮೊದಲ ಮಗುವಿಗೆ ಅನ್ನ ತಿನ್ನಿಸಿದಾಗ ನಮ್ಮ ಮನೆಯಲ್ಲಿ ಮಿಕ್ಸಿಯೂ ಇರಲಿಲ್ಲ, ಊರಿಗೆ ಸರಿಯಾಗಿ ಕರೆಂಟೂ ಇರಲಿಲ್ಲ. ಮೆತ್ತಗೆ ಬೆಂದ ಅನ್ನಕ್ಕೆ ಬೇಳೆಕಟ್ಟು ಹಾಕಿ, ತುಪ್ಪ ಬಿಟ್ಟು, ಬೆರಳಿನಿಂದ ಮಿದಿಯುತ್ತಿದ್ದೆವು. ಎಷ್ಟು ಮಿದಿದರೂ ಅಲ್ಲಲ್ಲಿ ಒಂದೊಂದು ಅಗುಳು ಉಳಿಯುತ್ತಿತ್ತು. ಆ ಅಗುಳನ್ನು ಮಗು ನಾಲಿಗೆಯಿಂದ ಹೊರಳಿಸಿ, ವಸಡಿನಲ್ಲಿ ಒತ್ತಿ ನೋಡುತ್ತಿತ್ತು. ದಿನ ಕಳೆದಂತೆ ನಾವೂ ಮಿದಿಯುವುದನ್ನು ಕಡಿಮೆ ಮಾಡುತ್ತಾ ಹೋಗುತ್ತಿದ್ದೆವು. ಒಂಬತ್ತು ಹತ್ತು ತಿಂಗಳ ಹೊತ್ತಿಗೆ ಮಗು ತಟ್ಟೆಯ ಪಕ್ಕದಲ್ಲಿ ಕುಳಿತು, ನಮ್ಮ ತಟ್ಟೆಯಿಂದಲೇ ಅನ್ನ ಎತ್ತಿಕೊಳ್ಳುತ್ತಿತ್ತು. ವೈದ್ಯರು ಹೇಳಿದ್ದು ಹೊಸದೇನೂ ಅಲ್ಲ, ನಿನ್ನ ಅತ್ತೆಯವರ ತಾಯಿಯೂ ಬಹುಶಃ ಹೀಗೆಯೇ ತಿನ್ನಿಸಿದ್ದಿರಬೇಕು. ಅವರನ್ನು ಕೂರಿಸಿಕೊಂಡು ಆ ಕಾಲದ ಸಂಗತಿಯನ್ನು ಕೇಳು.

ಒಳಲೆಯ ವಿಷಯದಲ್ಲಿ ಮಾತ್ರ ನಾನೂ ನನ್ನ ಅಭ್ಯಾಸವನ್ನು ಬಿಡಬೇಕಾಯಿತು. ಹಸುಗೂಸಿಗೆ ಹಾಲು ಕುಡಿಸಲು ಒಳಲೆ ಸರಿಯಾದ ಸಾಧನ. ಆದರೆ ಅಂಗಾತ ಮಲಗಿಸಿ ಸರಿಯನ್ನು ಸುರಿದರೆ, ಮಗುವಿಗೆ ಬೇಡವೆಂದು ಹೇಳುವ ದಾರಿಯೇ ಇರುವುದಿಲ್ಲ. ಅಳುವಾಗ ಉಸಿರಿನ ಕಡೆಗೂ ಹೋಗಬಹುದು. ಗಂಟಲಿಗೆ ಸಿಕ್ಕಿಕೊಳ್ಳುವ ಭಯ ನಿಜವಾಗಿ ಇರಬೇಕಾದದ್ದು ಇಲ್ಲಿ. ಕೂರಿಸಿ ತಿನ್ನಿಸಿದರೆ ಆ ಭಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಎತ್ತರದ ಕುರ್ಚಿಯನ್ನೇ ಕೊಳ್ಳಬೇಕೆಂದಿಲ್ಲ. ಚಾಪೆಯ ಮೇಲೆ ಅತ್ತೆಯವರು ಚಕ್ಕಳಮಕ್ಕಳ ಹಾಕಿ ಕುಳಿತು, ಮಗುವಿನ ಬೆನ್ನು ತಮ್ಮ ಹೊಟ್ಟೆಗೆ ಒರಗುವಂತೆ ಕೂರಿಸಿಕೊಂಡರೆ ಸಾಕು.

ಇನ್ನು ರಾಗಿ. ಅತ್ತೆಯವರು ತೊಳೆದು, ಒಣಗಿಸಿ, ಹುರಿಯುತ್ತಾರೆಂದು ಬರೆದಿದ್ದೀಯೆ. ಮೊಳಕೆಯ ಮಾತು ಅದರಲ್ಲಿಲ್ಲ. ಈ ಒಂದು ಹೆಜ್ಜೆಯನ್ನು ಸೇರಿಸಿದರೆ ಅವರ ಹಿಟ್ಟಿನ ಗುಣವೇ ಬೇರೆಯಾಗುತ್ತದೆ. ರಾಗಿಯನ್ನು ಕಲ್ಲು ಹೋಗುವಂತೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಸಿದು ತೇವದ ಬಟ್ಟೆಯಲ್ಲಿ ಗಂಟು ಕಟ್ಟಿಡಬೇಕು. ಬೇಸಿಗೆಯಲ್ಲಿ ಒಂದು ದಿನಕ್ಕೇ ಬಿಳಿ ಮೊಳಕೆ ಕಾಣಿಸುತ್ತದೆ, ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಎರಡು ದಿನ ಬೇಕಾಗಬಹುದು. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು. ಹುಳಿ ವಾಸನೆ ಬಂದರೆ ಆ ಗಂಟನ್ನು ಮಗುವಿಗೆ ಬಳಸಬಾರದು. ಆಮೇಲೆ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆಯ ಎಳೆಗಳನ್ನು ಉದುರಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಬಿಸಿ ಮಾಡಿ ಬೀಸಿಸಬೇಕು. ಕಪ್ಪಾಗುವಂತೆ ಹುರಿದರೆ ಮೊಳಕೆ ಕಟ್ಟಿದ ಪ್ರಯೋಜನ ಹೋಗುತ್ತದೆ.

ಆ ಪ್ರಯೋಜನವನ್ನು ಅತ್ತೆಯವರು ತಾವೇ ನೋಡಬಹುದು. ಮೊಳಕೆ ಕಟ್ಟದ ಹಿಟ್ಟಿನಲ್ಲಿ ಚಮಚ ನಿಲ್ಲುವಷ್ಟು ಗಟ್ಟಿಯಾದ ಸರಿಯನ್ನು ಕಾಯಿಸಿ, ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ, ಒಂದು ಚಿಕ್ಕ ಚಮಚ ಮೊಳಕೆ ರಾಗಿಯ ಹಿಟ್ಟನ್ನು ಬೆರೆಸಿ ಕಲಕಲಿ. ನೋಡನೋಡುತ್ತಿದ್ದಂತೆ ಸರಿ ಸಡಿಲಗೊಂಡು ಚಮಚದಿಂದ ಇಳಿಯತೊಡಗುತ್ತದೆ. ಆಮೇಲೆ ಅದನ್ನು ಮತ್ತೊಮ್ಮೆ ಕುದಿಸಿ ಕೊಡಬೇಕು. ನೀರು ಸೇರಿಸದೆಯೇ ಅದು ತೆಳುವಾಯಿತು, ಹಿಟ್ಟು ಮಾತ್ರ ಅಷ್ಟೇ ಇದೆ. ನಾವು ಸಾಮಾನ್ಯವಾಗಿ ಸರಿ ಗಟ್ಟಿಯಾದರೆ ನೀರು ಬೆರೆಸುತ್ತೇವೆ. ಆಗ ಮಗುವಿನ ಪುಟ್ಟ ಹೊಟ್ಟೆಯನ್ನು ತುಂಬಿಸುವುದು ನೀರು.

ಜಯನಗರದ ಪೌಷ್ಟಿಕತಜ್ಞೆ ಉತ್ತರಿಸಿದ್ದು:

ಅಜ್ಜಿಯವರು ಹೇಳಿದ ಕೊನೆಯ ಮಾತು ಈ ವಿಷಯದ ತಿರುಳಾದ್ದರಿಂದ ಅಲ್ಲಿಂದಲೇ ಮುಂದುವರಿಸುತ್ತೇನೆ. ಮೊಳಕೆ ಬರುವಾಗ ಧಾನ್ಯದಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ಒಡೆಯುವುದರಿಂದ ಸರಿ ತೆಳುವಾಗುತ್ತದೆ. 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಆಹಾರದಿಂದ ಬರಬೇಕು, 9ರಿಂದ 11 ತಿಂಗಳಲ್ಲಿ ಅದು ಸುಮಾರು 300 ಆಗುತ್ತದೆ. 8 ಕಿಲೋ ತೂಕದ ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಹೆಚ್ಚೆಂದರೆ ಒಂದು ದೊಡ್ಡ ಲೋಟದಷ್ಟು, ಅದರಲ್ಲಿ ಎದೆಹಾಲಿಗೂ ಜಾಗ ಬೇಕು. ಆದ್ದರಿಂದ ಚಮಚವನ್ನು ಓರೆ ಮಾಡಿದರೂ ಜಾರಿ ಬೀಳದಷ್ಟು ಗಟ್ಟಿಯಾಗಿರುವ ಆಹಾರ ಬೇಕೆಂದು ನಾವು ಒತ್ತಿ ಹೇಳುತ್ತೇವೆ. ಮೊಳಕೆ ರಾಗಿಯ ಸರಿ ಮಾತ್ರ ತೆಳುವಾಗಿದ್ದರೂ ಸತ್ವಯುತವಾಗಿರುತ್ತದೆ. ಒಂದು ಚಿಕ್ಕ ಚಮಚ ತುಪ್ಪವನ್ನು ಸೇರಿಸಿದರೆ ಇನ್ನೂ ಒಳ್ಳೆಯದು.

ಆದರೆ ರಾಗಿಯೊಂದೇ ಸಾಲದು. ನಮ್ಮ ಜನಕ್ಕೆ ರಾಗಿಯ ಮೇಲಿರುವ ನಂಬಿಕೆ ಸಕಾರಣವಾದದ್ದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಬೇರೆ ಯಾವ ಸಾಮಾನ್ಯ ಧಾನ್ಯದಲ್ಲೂ ಇಷ್ಟಿಲ್ಲ. ಕಬ್ಬಿಣಾಂಶದ ವಿಷಯ ಬೇರೆ. ಹುಟ್ಟುವಾಗ ಮಗು ತನ್ನ ದೇಹದಲ್ಲಿ ಕೂಡಿಟ್ಟುಕೊಂಡು ಬಂದ ಕಬ್ಬಿಣಾಂಶ ಸುಮಾರು ಆರು ತಿಂಗಳಿಗೆ ಕರಗುತ್ತಾ ಬರುತ್ತದೆ. ಎದೆಹಾಲಿನಲ್ಲಿ ಅದರ ಪ್ರಮಾಣ ಬಹಳ ಕಡಿಮೆ. ಮಗು ಒಂದು ಹೊತ್ತಿಗೆ ತಿನ್ನುವ 20 ಗ್ರಾಂ ರಾಗಿ ಹಿಟ್ಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶವೂ ಇರುವುದಿಲ್ಲ, ಇರುವುದರಲ್ಲೂ ಬಹುಪಾಲನ್ನು ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶವು ದೇಹಕ್ಕೆ ದಕ್ಕದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಫೈಟೇಟ್ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ಶೇಕಡ 67ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಉಳ್ಳವರ ಮನೆಯ ಮಕ್ಕಳೂ ಇದರಿಂದ ಹೊರತಲ್ಲ. ದಿನಕ್ಕೆ ಮೂರು ಹೊತ್ತು ಅಕ್ಕರೆಯಿಂದ ಸರಿ ತಿನ್ನಿಸಿಕೊಂಡು ಗುಂಡಗುಂಡಗೆ ಬೆಳೆದ ಮಗುವಿನ ಕಣ್ಣಿನ ಒಳರೆಪ್ಪೆಯನ್ನು ಬಿಡಿಸಿ ನೋಡಿದಾಗ ಬಿಳಿಚಿಕೊಂಡಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ನೋವಾಗುತ್ತದೆ.

ಆದ್ದರಿಂದ ದಿನದಲ್ಲಿ ಒಂದು ಹೊತ್ತು ರಾಗಿಯಿರಲಿ. ಉಳಿದ ಹೊತ್ತಿನಲ್ಲಿ ಹೆಸರುಬೇಳೆ ಅಥವಾ ತೊಗರಿಬೇಳೆಯನ್ನು ಅನ್ನದ ಜೊತೆ ಮೆತ್ತಗೆ ಬೇಯಿಸಿ, ಸೊಪ್ಪನ್ನು ಸಣ್ಣಗೆ ಹೆಚ್ಚಿ ಸೇರಿಸಿ, ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಹಿಂಡಿ. ನಿಂಬೆಯಲ್ಲಿರುವ ಸಿ ಜೀವಸತ್ವ ಬೇಳೆ ಸೊಪ್ಪುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಮೊಟ್ಟೆ, ಮಾಂಸ, ಮೀನು ತಿನ್ನುವ ಮನೆಯವರು ಈ ವಯಸ್ಸಿನಿಂದಲೇ ಅವುಗಳನ್ನು ಚೆನ್ನಾಗಿ ಬೇಯಿಸಿ, ಮೀನಿನ ಮುಳ್ಳನ್ನು ಜಾಗರೂಕತೆಯಿಂದ ತೆಗೆದು ಕೊಡಬಹುದು, ವರ್ಷ ತುಂಬುವವರೆಗೆ ಕಾಯಬೇಕೆಂಬ ನಿಯಮವೇನೂ ಇಲ್ಲ. ಇದರ ಜೊತೆಗೆ, ಆರು ತಿಂಗಳು ತುಂಬಿದ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಒಂದೊಂದು ಮಿಲಿಲೀಟರ್ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ. ಅದು ಆಶಾ ಕಾರ್ಯಕರ್ತೆಯರ ಮೂಲಕ ಸಿಗುತ್ತದೆ. ನಿಮ್ಮ ವೈದ್ಯರು ಈಗಾಗಲೇ ಬೇರೆ ಹನಿಗಳನ್ನು ಬರೆದುಕೊಟ್ಟಿದ್ದರೆ ಎರಡನ್ನೂ ಒಟ್ಟಿಗೆ ಕೊಡದೆ ಅವರನ್ನು ಕೇಳಿ.

ಇನ್ನು ಕೈಗೆ ಕೊಡುವ ತಿನಿಸು. ಏಳು ತಿಂಗಳ ಮಗು ವಸ್ತುವನ್ನು ಇಡೀ ಅಂಗೈಯಿಂದ ಹಿಡಿಯುತ್ತದೆ, ಮುಷ್ಟಿಯೊಳಗೆ ಸಿಕ್ಕಿದ್ದನ್ನು ತೆಗೆದು ತಿನ್ನಲು ಅದಕ್ಕೆ ಇನ್ನೂ ಬರುವುದಿಲ್ಲ. ಅದಕ್ಕಾಗಿ ತುಂಡು ನಿಮ್ಮ ಬೆರಳಿನಷ್ಟು ಉದ್ದ ಮತ್ತು ದಪ್ಪವಿರಬೇಕು, ಅರ್ಧ ಮುಷ್ಟಿಯಲ್ಲಿ ಉಳಿದು ಅರ್ಧ ಮೇಲೆ ಚಾಚಿಕೊಂಡಿರಬೇಕು. ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಅದು ಮುದ್ದೆಯಾಗಬೇಕು. ಹಲ್ಲಿಲ್ಲದ ವಸಡಿಗೂ ಅಷ್ಟು ಬಲವಿರುತ್ತದೆ. ಹಬೆಯಲ್ಲಿ ಬೇಯಿಸಿದ ಸಿಹಿಗುಂಬಳ, ಗೆಣಸು, ಸೀಮೆಬದನೆ, ಕ್ಯಾರೆಟ್ ಇವೆಲ್ಲ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಪರಂಗಿಹಣ್ಣು, ಮಾವಿನಹಣ್ಣಿನ ಹೋಳು ಕೈಯಿಂದ ಜಾರುವುದರಿಂದ, ನುಣ್ಣಗೆ ಪುಡಿ ಮಾಡಿದ ಹುರಿಗಡಲೆಯಲ್ಲಿ ತೆಳುವಾಗಿ ಹೊರಳಿಸಿ ಕೊಟ್ಟರೆ ಹಿಡಿತ ಸಿಗುತ್ತದೆ. ಏಲಕ್ಕಿ ಬಾಳೆಯ ಸಿಪ್ಪೆಯನ್ನು ಚೆನ್ನಾಗಿ ತೊಳೆದು, ಅರ್ಧ ಮಾತ್ರ ಸುಲಿದು, ಉಳಿದರ್ಧವನ್ನು ಹಿಡಿಕೆಯಂತೆ ಬಿಡಬಹುದು.

ನಿಮ್ಮ ಇಡ್ಲಿಯ ತಪ್ಪೆಂದರೆ ಅದು ಒಣಗಿತ್ತು. ಒಣ ಇಡ್ಲಿ ಉದುರಿ ನಾಲಿಗೆಯ ಹಿಂಭಾಗಕ್ಕೆ ಚೆದುರುತ್ತದೆ, ಬ್ರೆಡ್ ಅಂಗುಳಿಗೆ ಅಂಟಿಕೊಳ್ಳುತ್ತದೆ, ಚಪಾತಿ ಬಾಯಲ್ಲಿ ಉಂಡೆಯಾಗುತ್ತದೆ. ಇಡ್ಲಿಯನ್ನು ಬೇಳೆಕಟ್ಟಿನಲ್ಲಿ ಅದ್ದಿ ಕೊಡಿ. ಮೃದುವಾದ ಸೆಟ್ ದೋಸೆಯ ಪಟ್ಟಿ ಇನ್ನೂ ಒಳ್ಳೆಯದು. ಒಂಬತ್ತು ತಿಂಗಳ ಸುಮಾರಿಗೆ ಮಗು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹೆಕ್ಕಲು ಕಲಿತಾಗ ಸಣ್ಣ ಚೂರುಗಳಿಗೆ ಬದಲಾಯಿಸಿಕೊಳ್ಳಬಹುದು. ಹತ್ತು ತಿಂಗಳು ದಾಟಿದರೂ ನುಣ್ಣನೆಯದನ್ನೇ ತಿನ್ನುವ ಮಕ್ಕಳು ಮುಂದೆ ಅಗಿಯುವ ಆಹಾರವನ್ನು ದೂರ ತಳ್ಳುವುದು ಹೆಚ್ಚು. ವೈದ್ಯರು ಅವಸರಿಸಿದ್ದು ಅದಕ್ಕಾಗಿಯೇ ಇರಬೇಕು.

ವರ್ಷ ತುಂಬುವವರೆಗೆ ಉಪ್ಪು ಬೇಡ, ಎರಡು ವರ್ಷದವರೆಗೆ ಸಕ್ಕರೆಯೂ ಬೆಲ್ಲವೂ ಬೇಡ. ಜೇನುತುಪ್ಪವನ್ನು ವರ್ಷದೊಳಗೆ ನೆಕ್ಕಿಸಲೂಬಾರದು, ಅದರಲ್ಲಿರಬಹುದಾದ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ವಿಷವನ್ನು ಉಂಟುಮಾಡಬಲ್ಲದು. ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿ ವರ್ಷದ ನಂತರ ಕೊಡಿ, ಮೊಸರನ್ನು ಈಗಲೇ ಅನ್ನಕ್ಕೆ ಬೆರೆಸಬಹುದು. ಕಡಲೆಕಾಯಿ, ಮೊಟ್ಟೆಯಂಥವುಗಳನ್ನು ಅಲರ್ಜಿಯ ಭಯದಿಂದ ಮುಂದೂಡುವ ಅಗತ್ಯವಿಲ್ಲ. 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ 640 ಶಿಶುಗಳನ್ನು ಗಮನಿಸಿದಾಗ, ಬೇಗನೆ ಕಡಲೆಕಾಯಿ ತಿಂದವರಲ್ಲಿ ಅದರ ಅಲರ್ಜಿ ಬಹಳ ಕಡಿಮೆಯಿತ್ತು. ಹುರಿದ ಕಡಲೆಕಾಯಿಯನ್ನು ನುಣ್ಣಗೆ ಪುಡಿ ಮಾಡಿ ಸರಿಯಲ್ಲಿ ಚೆನ್ನಾಗಿ ಕಲಕಿ, ಮೊದಲ ಸಲ ಕಾಲು ಚಮಚದಷ್ಟನ್ನು ಹಗಲು ಹೊತ್ತಿನಲ್ಲಿ ಕೊಡಿ. ಮೈಮೇಲೆ ದದ್ದು, ತುಟಿಯ ಊತ, ವಾಂತಿ ಕಂಡರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಮಗುವಿಗೆ ತೀವ್ರವಾದ ಇಸುಬು ಇದ್ದರೆ ಮಾತ್ರ ಮೊದಲೇ ವೈದ್ಯರನ್ನು ಕೇಳಿ ಆರಂಭಿಸುವುದು ಕ್ಷೇಮ.

ಬಸವನಗುಡಿಯ ತಂದೆ ಉತ್ತರಿಸಿದ್ದು:

ಮೇಲಿನವರು ಕಡಲೆಕಾಯಿಯ ಪುಡಿಯ ಬಗ್ಗೆ ಬರೆದಿದ್ದಾರೆ. ನಾನು ಇಡೀ ಕಡಲೆಬೀಜದ ಬಗ್ಗೆ ಬರೆಯಬೇಕಾಗಿದೆ, ಏಕೆಂದರೆ ಓಕರಿಕೆಗೂ ಉಸಿರುಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಅದರಿಂದಲೇ ಕಲಿತೆ.

ನಮ್ಮ ಮಗನಿಗೆ ಹನ್ನೊಂದು ತಿಂಗಳಾಗಿದ್ದಾಗ ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ಬಂದಿತು. ಮನೆ ತುಂಬ ನೆಂಟರು, ನೆಲದ ಮೇಲೆ ಹರಡಿದ ಹುರಿದ ಕಡಲೆಕಾಯಿ. ಮಗ ತೆವಳಿಕೊಂಡು ಹೋಗಿ ಒಂದು ಬೀಜವನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡದ್ದನ್ನು ಯಾರೂ ನೋಡಲಿಲ್ಲ. ನನ್ನ ಗಮನ ಅವನ ಕಡೆಗೆ ಹೋದದ್ದು ಅವನ ಸದ್ದು ನಿಂತದ್ದರಿಂದ. ಬಾಯಿ ತೆರೆದಿತ್ತು, ಎದೆ ಎಳೆದುಕೊಳ್ಳುತ್ತಿತ್ತು, ಅಳುವಿಲ್ಲ, ಕೆಮ್ಮಿಲ್ಲ, ತುಟಿಯ ಸುತ್ತ ನೀಲಿ ಹರಡುತ್ತಿತ್ತು. ಕಚೇರಿಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಆಗಷ್ಟೇ ಪಡೆದಿದ್ದೆ. ಅವನನ್ನು ಬೋರಲಾಗಿ ನನ್ನ ಮುಂಗೈಯ ಮೇಲೆ, ತಲೆ ಕೆಳಗಿರುವಂತೆ ಮಲಗಿಸಿಕೊಂಡು, ದವಡೆಯನ್ನು ಹಿಡಿದು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಬಲವಾಗಿ ಹೊಡೆದೆ. ಮೂರನೆಯ ಏಟಿಗೆ ಬೀಜದ ಅರ್ಧ ಬೇಳೆ ನೆಲಕ್ಕೆ ಬಿದ್ದು, ಅವನು ಅತ್ತನು. ಆ ಅಳು ಕೇಳಿದಾಗ ನನ್ನ ಕಾಲುಗಳು ನಡುಗುತ್ತಿದ್ದವು. ಉಳಿದರ್ಧ ಶ್ವಾಸನಾಳಕ್ಕೆ ಇಳಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ಅಂದೇ ರಾತ್ರಿ ಆಸ್ಪತ್ರೆಗೂ ಹೋಗಿಬಂದೆವು.

ನಿಮ್ಮ ಮಗಳು ಮಾಡಿದ್ದು ಓಕರಿಕೆ. ಮುಖ ಕೆಂಪಾಗುವುದು, ನಾಲಿಗೆ ಮುಂದೆ ಬರುವುದು, ಸದ್ದು, ಕಣ್ಣೀರು ಇವೆಲ್ಲ ಮಗು ತಾನೇ ತುಂಡನ್ನು ಹೊರದಬ್ಬುತ್ತಿರುವ ಗುರುತುಗಳು. ಈ ವಯಸ್ಸಿನಲ್ಲಿ ಓಕರಿಕೆ ಬರುವ ಜಾಗ ನಾಲಿಗೆಯ ಮೇಲೆ ಇನ್ನೂ ಮುಂದೆಯೇ ಇರುತ್ತದೆ, ಹಾಗಾಗಿ ತುಂಡು ಗಂಟಲಿಗೆ ಹತ್ತಿರ ಹೋಗುವ ಮೊದಲೇ ಮಗು ಓಕರಿಸುತ್ತದೆ. ಆಗ ಬಾಯಿಗೆ ಬೆರಳು ಹಾಕಿದರೆ ತುಂಡು ಒಳಕ್ಕೆ ಹೋಗಬಹುದು, ಹಠಾತ್ತನೆ ಎತ್ತಿದರೂ ಬೆದರಿ ಉಸಿರೆಳೆದುಕೊಳ್ಳಬಹುದು. ಕೂರಿಸಿದ ಹಾಗೆಯೇ ಬಿಟ್ಟು, ಪಕ್ಕದಲ್ಲಿದ್ದು ನೋಡಬೇಕು. ಸದ್ದೇ ಇಲ್ಲದಿದ್ದರೆ ಮಾತ್ರ ನಾನು ಮೇಲೆ ಬರೆದಂತೆ ಬೆನ್ನಿಗೆ 5 ಏಟು, ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಒತ್ತು, ಮತ್ತೆ ಬೆನ್ನಿಗೆ 5 ಏಟು, ಹೀಗೆ ವಸ್ತು ಹೊರಬರುವವರೆಗೆ ಮಾಡುತ್ತಿರಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ನೆತ್ತಿ ತಟ್ಟುವುದರಿಂದ ಗಂಟಲಿನಲ್ಲಿರುವುದು ಹೊರಬರುವುದಿಲ್ಲ. ನಿಮ್ಮ ಅತ್ತೆಯವರು ಹಗಲಿನಲ್ಲಿ ಒಬ್ಬರೇ ಇರುವುದರಿಂದ, ಒಂದು ಗೊಂಬೆಯನ್ನು ಇಟ್ಟುಕೊಂಡು ಇದನ್ನು ಅವರಿಗೆ ಎರಡು ಮೂರು ಬಾರಿ ಮಾಡಿ ತೋರಿಸಿ. ನನ್ನ ತಾಯಿಗೆ ಹಾಗೆ ಕಲಿಸಿದ ಮೇಲೆ ಅವರ ಭಯ ತಗ್ಗಿತು.

ಹಸಿ ಕ್ಯಾರೆಟ್, ಹಸಿ ಸೇಬು, ಇಡೀ ದ್ರಾಕ್ಷಿ, ಗೋಡಂಬಿ, ದಾಳಿಂಬೆ ಕಾಳು, ಸಿಪ್ಪೆಯಿರುವ ಅವರೆಕಾಳು, ಚಕ್ಕುಲಿ ಕೋಡುಬಳೆಯ ಚೂರು ಇವು ಯಾವುವೂ ಬೇಡ. ದೇವಸ್ಥಾನದಲ್ಲಿ ಕೊಡುವ ಕಡಲೆಪುರಿಯನ್ನೂ ಮಗುವಿನ ಕೈಗೆ ಸಿಗದಂತೆ ಇಡಬೇಕು.

ಬನಶಂಕರಿಯ ಅಮ್ಮ ಮತ್ತೆ ಬರೆದದ್ದು:

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಉತ್ತರಗಳನ್ನೂ ಅತ್ತೆಯವರಿಗೆ ಓದಿ ಹೇಳಿದೆ. ಮಲ್ಲೇಶ್ವರದ ಅಜ್ಜಿಯವರ ಮಾತು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ತಾಯಿಯೂ ಅನ್ನವನ್ನು ಬೆರಳಲ್ಲೇ ಮಿದಿಯುತ್ತಿದ್ದರೆಂದು ಹೇಳಿದರು. ಮರುದಿನವೇ ರಾಗಿಯನ್ನು ನೆನೆಸಿದರು. ಮೊಳಕೆ ಹಿಟ್ಟನ್ನು ಗಟ್ಟಿ ಸರಿಗೆ ಬೆರೆಸಿ ಕಲಕುವಾಗ ಅದು ಸಡಿಲವಾದದ್ದನ್ನು ಕಂಡು, ನೆರೆಮನೆಯವರನ್ನೂ ಕರೆದು ತೋರಿಸಿದರು. ಈಗ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಕೈಯಲ್ಲಿ ಚಮಚ ಹಿಡಿಯುತ್ತಾರೆ, ಮಗಳ ಕೈಯಲ್ಲಿ ಬೆಂದ ಸಿಹಿಗುಂಬಳದ ತುಂಡಿರುತ್ತದೆ.

ಮೊನ್ನೆ ಅವಳು ಎರಡು ಸಲ ಓಕರಿಸಿದಳು. ಅತ್ತೆಯವರು ತಮ್ಮ ಎರಡೂ ಕೈಗಳನ್ನು ಮಂಡಿಯ ಮೇಲೆ ಒತ್ತಿ ಹಿಡಿದುಕೊಂಡು, ಮೆಲ್ಲಗೆ ಒಂದು, ಎರಡು ಎಂದು ಎಣಿಸುತ್ತಾ ಕುಳಿತಿದ್ದರು. ಏಳು ಎನ್ನುವಷ್ಟರಲ್ಲಿ ತುಂಡು ಹೊರಬಂದಿತು, ಮಗಳು ಅದನ್ನೇ ಎತ್ತಿ ಮತ್ತೆ ಬಾಯಿಗಿಟ್ಟುಕೊಂಡಳು.

ಒಂದು ಸಂದೇಹ ಉಳಿದಿದೆ. ಎರಡು ಮೂರು ದಿನಗಳಿಂದ ಮಲ ಗಟ್ಟಿಯಾಗಿ, ತಿಣುಕುವಾಗ ಅಳುತ್ತಾಳೆ. ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಹನಿಯನ್ನೂ ಆರಂಭಿಸಿದ್ದೇವೆ. ಏನು ಮಾಡಬೇಕು?

ಜಯನಗರದ ಪೌಷ್ಟಿಕತಜ್ಞೆ ಉತ್ತರಿಸಿದ್ದು:

ಆಹಾರ ಬದಲಾದಾಗ ಇದು ಸಾಮಾನ್ಯ. ಊಟದ ನಡುವೆ ಕುದಿಸಿ ಆರಿಸಿದ ನೀರನ್ನು ಚಿಕ್ಕ ಸ್ಟೀಲ್ ಲೋಟದಿಂದ ಗುಟುಕು ಗುಟುಕಾಗಿ ಕುಡಿಸಿ. ನಾಲ್ಕಾರು ದಿನ ಬಾಳೆಹಣ್ಣನ್ನು ನಿಲ್ಲಿಸಿ ಪರಂಗಿಹಣ್ಣನ್ನು ಕೊಡಿ. ಐದಾರು ಒಣದ್ರಾಕ್ಷಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ ಸರಿಗೆ ಬೆರೆಸಬಹುದು. ಹನಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದರಿಂದ ಮಲ ಕಪ್ಪಾಗುವುದು ಸಹಜ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿಕೊಂಡು ವಾಂತಿಯಾದರೆ, ಅಥವಾ ಹಾಲನ್ನೂ ಬೇಡವೆಂದರೆ ಅಂದೇ ವೈದ್ಯರಿಗೆ ತೋರಿಸಿ.